ಕುರಿಗಳು ಕಂದು ಹಾಕಿದ ವರ್ಷ

ದುರ್ಗದ ಆಸ್ಪತ್ರೆಯ ಲ್ಯಾಬಿನ ಮುಂದೆ ಒಂದು ಮರದ ಬೆಂಚು ಇತ್ತು. ಅದರ ಮೇಲೆ ಕೂತವರನ್ನು ಒಳಗಿನಿಂದ ಹೆಸರು ಹಿಡಿದು ಕರೆಯುವುದು ನನ್ನ ಕೆಲಸ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನೇ ಆ ಬೆಂಚಿನ ಮೇಲೆ ಕೂತು, ನನ್ನ ಹೆಸರು ಯಾವಾಗ ಕರೆಯುತ್ತಾರೋ ಎಂದು ಕಾದೆ. ಹೊಟ್ಟೆಯಲ್ಲಿ ಐದು ತಿಂಗಳ ಕೂಸಿತ್ತು, ಚೊಚ್ಚಲು. ಆ ಕೂಸಿನ ಗತಿ ಏನೆಂದು ಒಳಗೆ ಇನ್‌ಕ್ಯುಬೇಟರಿನಲ್ಲಿಟ್ಟಿದ್ದ ಒಂದು ಬಾಟಲಿ ಹೇಳಬೇಕಿತ್ತು. ಬಾಟಲಿಯಲ್ಲಿದ್ದದ್ದು ನನ್ನದೇ ರಕ್ತ.

ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಯಾಕೆ ಕೆದಕುತ್ತೀಯ ಎಂದು ನಮ್ಮ ಯಜಮಾನರು ಕೇಳಿದರು. ಕೆದಕುವುದಕ್ಕೆ ಅದು ಆರಿದ್ದರೆ ತಾನೆ? ಇಂಥದೇ ಬೆಂಚಿನ ಮೇಲೆ ಇವತ್ತು ಯಾವಳೋ ಒಬ್ಬಳು ಕೂತಿರುತ್ತಾಳೆ. ನನಗೊಬ್ಬಳಿಗೇ ಹೀಗಾಯಿತು ಎಂದುಕೊಂಡಿರುತ್ತಾಳೆ. ಅವಳು ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಗಿರಿಜಾ. ತವರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ, ಅತ್ತೆಮನೆ ಹೊಸದುರ್ಗ. ಯಜಮಾನರು ಬಸವರಾಜು, ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದರು. ನಾನು ದುರ್ಗದಲ್ಲಿ, ಅವರು ಭಾನುವಾರಕ್ಕೊಮ್ಮೆ ಬಂದು ಹೋಗುವ ಸಂಸಾರ ನಮ್ಮದು. ಲ್ಯಾಬ್ ಎಂದರೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ರೋಗಾಣು ಬೆಳೆಯಲೆಂದು ಬಾಟಲಿಗಳನ್ನು ಬೆಚ್ಚಗಿಡುವ, ಕರೆಂಟು ಹೋದಾಗೆಲ್ಲ ನಮ್ಮ ಜೀವ ಬಾಯಿಗೆ ತರುವ ಒಂದು ಇನ್‌ಕ್ಯುಬೇಟರ್. ಲ್ಯಾಬ್ ನಡೆಸುತ್ತಿದ್ದವರು ಶಿವಲಿಂಗಪ್ಪ ಡಾಕ್ಟರು. ಮಾತು ಕಮ್ಮಿ, ಹಟ ಜಾಸ್ತಿ.

ನನಗೆ ಕೆಲಸ ಕಲಿಸಿದವರು ಮೂರು ಮಾತು ಹೇಳಿಕೊಟ್ಟಿದ್ದರು. ತಟ್ಟೆಯಲ್ಲಿ ಬೆಳೆದ ರೋಗಾಣುವನ್ನು ಮೊದಲು ಕಣ್ಣಲ್ಲಿ ನೋಡು, ಆಮೇಲೆ ಬಣ್ಣ ಹಾಕಿ ನೋಡು, ನಡುವೆ ಒಂದು ಸಲ ಮೂಸಿ ನೋಡು. ಹೌದು, ಮೂಸುವುದು. ತಟ್ಟೆಯ ಮುಚ್ಚಳ ಎತ್ತಿ ಮೂಗಿಗೆ ಹಿಡಿದರೆ ಒಂದು ಜಾತಿ ಮಾಗಿದ ದ್ರಾಕ್ಷಿಯಂತೆ, ಇನ್ನೊಂದು ಕೊಳೆತ ಮೀನಿನಂತೆ ನಾರುತ್ತದೆ. ಪರೀಕ್ಷೆ ಮುಗಿಯುವ ಮೊದಲೇ ಅರ್ಧ ಉತ್ತರ ಕೈಗೆ ಬರುತ್ತದೆ. ಆಗ ಎಲ್ಲ ಲ್ಯಾಬಿನಲ್ಲೂ ಹಾಗೇ ಮಾಡುತ್ತಿದ್ದರು. ತಪ್ಪೆಂದು ಯಾರೂ ಹೇಳಿರಲಿಲ್ಲ, ಪುಸ್ತಕವೂ ಹೇಳಿರಲಿಲ್ಲ. ನನಗಂತೂ ಅದು ತಾಯಿಯಿಂದ ಬಂದ ವಿದ್ಯೆ ಅನ್ನಿಸುತ್ತಿತ್ತು. ನೈವೇದ್ಯ ಆಗುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲವಲ್ಲ, ನಮ್ಮಮ್ಮ ಸಾರಿನ ಆವಿ ಮೂಸಿಯೇ ಉಪ್ಪು ಸಾಲದು ಎನ್ನುತ್ತಿದ್ದಳು. ಒಂದು ದಿನವೂ ಹುಸಿಯಾಗಿದ್ದಿಲ್ಲ. ಬಸುರಿಯಾದ ಮೇಲೆ ನನ್ನ ಮೂಗು ಇನ್ನೂ ಚುರುಕಾಗಿತ್ತು. ಆಚೆ ಬೀದಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದರು ಎಂದು ಹೇಳುತ್ತಿದ್ದೆ.

ಕರಿಯಮ್ಮ ಬಂದದ್ದು ನನಗೆ ಮೂರು ತಿಂಗಳಾಗಿದ್ದಾಗ. ಹಿರಿಯೂರು ಆಚೆ, ಮಾರಿಕಣಿವೆ ದಾರಿಯ ಒಂದು ಹಟ್ಟಿಯವಳು. ಕುರಿ ಸಾಕುವ ಮನೆತನ. ನನಗಿಂತ ಹೆಚ್ಚೆಂದರೆ ನಾಲ್ಕೈದು ವರ್ಷ ದೊಡ್ಡವಳಿದ್ದಾಳು, ನೋಡಿದರೆ ನಲವತ್ತು ದಾಟಿದವಳ ಹಾಗಿದ್ದಳು. ಸಂಜೆಯಾದರೆ ಜ್ವರ, ಬೆಳಗಾದರೆ ಮೈಯೆಲ್ಲ ನೀರು, ಸೊಂಟ ಎತ್ತಲಾಗದ ನೋವು. ಒಬ್ಬರು ಟೈಫಾಯ್ಡ್ ಅಂದಿದ್ದರಂತೆ, ಇನ್ನೊಬ್ಬರು ಕ್ಷಯ ಅಂದಿದ್ದರಂತೆ. ಅವಳ ಗಂಡ ಅವಳನ್ನು ಬೆಂಚಿಗೆ ಒರಗಿಸಿ ಕೂರಿಸಿದ.

ರಕ್ತ ತೆಗೆಯಲು ಒಳಗೆ ಕರೆದಾಗ ಮೇಜಿನ ಮೇಲೆ ಸಾಲಾಗಿಟ್ಟ ಕೆಂಪು ತಟ್ಟೆಗಳನ್ನು ನೋಡಿ ಕಣ್ಣರಳಿಸಿದಳು.

“ಇದೇನ್ರಮ್ಮಾರೆ, ರಕ್ತದಾಗೆ ಗಿಣ್ಣು ಮಾಡಿಟ್ಟೀರಾ?”

“ಕುರಿ ರಕ್ತನೇ ಕರಿಯಮ್ಮ. ರೋಗದ ಹುಳಕ್ಕೆ ಇದೇ ಊಟ. ಕುಂತ್ಕಳ್ರಿ, ಕೈ ಚಾಚಿ.”

“ಅಯ್ಯ, ಕುರಿ ಇಲ್ಲಿಗೂ ಬಂತಾ!” ಎಂದು ನಕ್ಕಳು. ಅಂಥ ಜ್ವರದಲ್ಲೂ ನಗುವ ಹೆಂಗಸು.

ಶಿವಲಿಂಗಪ್ಪ ಡಾಕ್ಟರು ಅವಳನ್ನು ಬಿಡದೆ ಕೇಳಿದರು. ಕುರಿ ಎಷ್ಟು, ಆಡು ಎಷ್ಟು, ಹಾಲು ಕಾಯಿಸಿ ಕುಡಿಯುತ್ತೀರೋ ಹಸಿಯದೋ. ಮಂದೆ ಹೇಗಿದೆ ಎಂದಾಗ ಕರಿಯಮ್ಮ ತಲೆ ತಗ್ಗಿಸಿದಳು.

“ಈ ವರ್ಷ ಮಂದೆಗೆ ಏನೋ ಬಂದೈತೆ ಸ್ವಾಮಿ. ಅರ್ಧಕ್ಕರ್ಧ ಕಂದು ಹಾಕಿದ್ವು.”

ದಿನ ತುಂಬುವ ಮೊದಲೇ ಕುರಿಯ ಮರಿ ಬಿದ್ದುಹೋದರೆ ನಮ್ಮ ಕಡೆ ಕಂದು ಹಾಕಿತು ಎನ್ನುತ್ತಾರೆ.

“ಬಿದ್ದ ಮರಿಗಳನ್ನ ಯಾರು ತೆಗೀತಿದ್ರಿ?”

“ನಾನೇ ಸ್ವಾಮಿ. ಅದನ್ನ ಗಂಡಸ್ರು ಮುಟ್ಟಲ್ಲ.”

ಡಾಕ್ಟರು ನನ್ನ ಕಡೆ ತಿರುಗಿ, “ಈ ರಕ್ತದ ಬಾಟಲಿ ಬೇರೆಯವುಗಳ ಹಾಗೆ ವಾರಕ್ಕೆ ತೊಳೆಯೋ ಹಾಗಿಲ್ಲ, ನಾನು ಹೇಳೋ ತನಕ ಇರಲಿ” ಅಂದರು. ಕರಿಯಮ್ಮ ಏಳುವಾಗ ನನ್ನ ಸೆರಗಿನತ್ತ ನೋಡಿದಳು. ಹೆಂಗಸರಿಗೆ ಹೆಂಗಸರು ಗೊತ್ತಾಗುತ್ತಾರೆ. “ಎಷ್ಟು ತಿಂಗಳು ಅಮ್ಮಾರೆ?” ಎಂದಳು. ಮೂರು ಎಂದೆ. ಏನೋ ಹೇಳಲು ಬಾಯಿ ತೆರೆದವಳು “ಹುಷಾರ್ರಿ” ಎಂದಷ್ಟೇ ಹೇಳಿ ಹೋದಳು. ಅವಳು ಕೂತಿದ್ದ ಕಡೆ ಮಳೆಗೆ ನೆಂದು ಹುಳಿಹಿಡಿದ ಹುಲ್ಲಿನ ವಾಸನೆ ಸ್ವಲ್ಪ ಹೊತ್ತು ಇತ್ತು. ಕುರಿ ಕಾಯುವವಳಲ್ಲವೇ ಎಂದುಕೊಂಡೆ.

ವಾರ ಕಳೆಯಿತು, ಬಾಟಲಿ ತಿಳಿಯಾಗಿಯೇ ಇತ್ತು. ಇನ್ನೊಂದು ವಾರವೂ ಹೋಗುತ್ತಿದ್ದಾಗ ತಳದಲ್ಲಿ ಮಂಕು ಕಂಡಿತು, ಏನೋ ಬೆಳೆದಿದೆ ಎಂದರ್ಥ. ತಟ್ಟೆಗೆ ಹಾಕಿದೆವು. ಅಲ್ಲಿಯೂ ಸತಾಯಿಸಿ ಸತಾಯಿಸಿ, ಕೊನೆಗೆ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಎದ್ದವು. ನಾನು ಎಂದಿನಂತೆ ಮುಚ್ಚಳ ಎತ್ತಿ ಮೂಗಿನ ಹತ್ತಿರ ಹಿಡಿದು ಉಸಿರೆಳೆದೆ. ಏನೂ ವಾಸನೆ ಬರಲಿಲ್ಲ. ಅಷ್ಟು ಚುರುಕಾದ ಮೂಗಿಗೂ ಏನೂ ಸಿಗಲಿಲ್ಲವಲ್ಲ ಎಂದು ಇನ್ನೊಂದು ಸಲ ಜೋರಾಗಿ ಎಳೆದೆ.

ಗಾಜಿನ ಮೇಲೆ ಸವರಿ, ಉರಿಯ ಮೇಲೆ ಆಡಿಸಿ ಬಣ್ಣ ಹಾಕಿದೆ. ನೇರಳೆ ನಿಲ್ಲಲಿಲ್ಲ, ಸ್ಪಿರಿಟ್ಟಿಗೆ ತೊಳೆದುಹೋಯಿತು. ಕೆಂಪು ಹಾಕಿದಾಗ ಚೆಲ್ಲಿದ ಸಣ್ಣ ರವೆಯ ಹಾಗೆ ಮಸುಕು ಕೆಂಪು ಕಾಳುಗಳು ಕಂಡವು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಸಕ್ಕರೆಯ ಪರೀಕ್ಷೆಗೆ ಅದು ಜಪ್ಪಯ್ಯ ಎನ್ನಲಿಲ್ಲ. ಕಾಗದದ ಚೂರಿನ ಮೇಲೆ ತಿಕ್ಕಿ ಹನಿ ಹಾಕಿದರೆ ಕಾಗದ ನೇರಳೆಯಾಯಿತು. ಕೊನೆಗೆ ಯೂರಿಯಾ ನಳಿಕೆ. ಆ ಜೀವಿಯ ಹತ್ತಿರ ಯೂರಿಯಾ ಒಡೆಯುವ ಕಿಣ್ವ ಇದ್ದರೆ ಹಳದಿ ನಳಿಕೆ ಗುಲಾಬಿಯಾಗುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಗುಲಾಬಿಯಾಗಿತ್ತು.

“ಬ್ರುಸೆಲ್ಲಾ” ಎಂದರು ಡಾಕ್ಟರು. “ಕುರಿ ಕಂದು ಹಾಕಿಸೋದೂ ಇದೇ, ಆಯಮ್ಮನ್ನ ಮಲಗಿಸಿರೋದೂ ಇದೇ.” ಅವರ ಮುಖದಲ್ಲಿ ನಗು ಇತ್ತು. ನನಗೂ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಕರಿಯಮ್ಮನಿಗೆ ಸರಿಯಾದ ಔಷಧಿ ಸಿಕ್ಕಿತು, ಅವಳು ಗಂಡನ ಜೊತೆ ನಡೆದುಕೊಂಡೇ ಬಸ್ ಹತ್ತಿದಳು.

ನನಗೆ ಐದು ತಿಂಗಳು ತುಂಬುವ ಹೊತ್ತಿಗೆ ಜ್ವರ ಶುರುವಾಯಿತು. ಯಜಮಾನರು ನನ್ನನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋಗಿ ಬಿಟ್ಟರು. ನಮ್ಮತ್ತೆಯ ಬಾಯಿ ಗೊತ್ತಲ್ಲ, ಗೊತ್ತಿಲ್ಲದಿದ್ದರೆ ಈಗ ಹೇಳುತ್ತೇನೆ. “ಹೊತ್ತಾರೆ ಎದ್ರೆ ಊರೋರ ಕಫ, ಊರೋರ ಉಚ್ಚೆ ಮುಟ್ತಾಳೆ. ಬಸುರಿ ಹೆಂಗ್ಸು ಮಾಡೋ ಕೆಲಸನೇನೇ ಇದು? ನಾನ್ ಬಡ್ಕಂಡೆ, ಕೇಳಿದ್ರಾ ಗಂಡ ಹೆಂಡ್ತಿ?” ಎಂದು ಶುರು ಮಾಡಿದರೆ ಅಡುಗೆ ಮುಗಿಯುವ ತನಕ ನಿಲ್ಲುತ್ತಿರಲಿಲ್ಲ. ಅಲ್ಲಿಯ ಡಾಕ್ಟರೊಬ್ಬರು ಇದು ಬಸುರಿನ ಕಾವು ಎಂದು ಒಂದು ಸೂಜಿ ಹಾಕಿದರು. ಎರಡು ದಿನ ನಿಂತ ಜ್ವರ ಮತ್ತೆ ಬಂತು. ಅತ್ತೆ ದೃಷ್ಟಿ ತೆಗೆದರು, ಒಲೆಯಲ್ಲಿ ಮೆಣಸಿನಕಾಯಿ ಸುಟ್ಟರು. ಎಲ್ಲರೂ ಕೆಮ್ಮಿದೆವು, ಜ್ವರ ಮಾತ್ರ ಕದಲಲಿಲ್ಲ.

ಒಂದು ಬೆಳಗ್ಗೆ ಬೆವತು ಎದ್ದೆ. ರವಿಕೆ ಹಿಂಡುವಷ್ಟು ಒದ್ದೆ. ಬಿಚ್ಚಿ ಬಕೆಟ್ಟಿಗೆ ಹಾಕುವಾಗ ಮೂಗಿಗೆ ಬಡಿಯಿತು. ಮಳೆಗೆ ನೆಂದು ಹುಳಿಹಿಡಿದ ಹುಲ್ಲಿನ ವಾಸನೆ. ಬಚ್ಚಲಲ್ಲಿ ಹಾಗೇ ಕುಕ್ಕರಿಸಿದೆ. ಕರಿಯಮ್ಮ ಕೂತಿದ್ದ ಜಾಗ ಕಣ್ಣ ಮುಂದೆ ಬಂತು. ಆ ತಟ್ಟೆಗೆ ವಾಸನೆ ಇರಲಿಲ್ಲ. ವಾಸನೆ ಇದ್ದದ್ದು ಅದು ಹೊಕ್ಕ ಮೈಗೆ.

“ರೀ, ಇವತ್ತೇ ದುರ್ಗಕ್ಕೆ ಹೋಗಾಣ” ಎಂದೆ. ರಜೆ ಹಾಕಿ ಬಂದಿದ್ದ ಯಜಮಾನರು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. ಹೊಳಲ್ಕೆರೆ ದಾಟುವಾಗ ಕೂಸು ಒದೆಯಿತು. ಅದೇ ಮೊದಲ ಸಲ ಸ್ಪಷ್ಟವಾಗಿ ಗೊತ್ತಾದದ್ದು. ಎಂಥ ಹೊತ್ತಿನಲ್ಲಿ ಒದ್ದೆಯೇ ನನ್ನವ್ವ ಎಂದು ಕಣ್ಣಲ್ಲಿ ನೀರು ಬಂತು.

ಶಿವಲಿಂಗಪ್ಪ ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿದರು. ಮುಚ್ಚಳ ಎತ್ತಿ ಮೂಸಿದ್ದೆ, ಉಸಿರಿನ ಜೊತೆ ಒಳಗೆ ಹೋಗಿರಬೇಕು ಎಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನೂ ಮೂಸಿದ್ದೆ ಕಣಮ್ಮ” ಎಂದರು. ಅವರಿಗೆ ಏನೂ ಆಗಿರಲಿಲ್ಲ. ರೋಗ ಯಾರನ್ನು ಯಾಕೆ ಆರಿಸಿಕೊಳ್ಳುತ್ತದೆ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಸಿಟ್ಟು ಮಾತ್ರ ಉಳಿಯಿತು.

ನನ್ನ ರಕ್ತ ಅವರೇ ತೆಗೆದರು. ಬಾಟಲಿ ಇನ್‌ಕ್ಯುಬೇಟರ್ ಸೇರಿತು. ನನ್ನನ್ನು ಹೆಂಗಸರ ವಾರ್ಡಿಗೆ ಹಾಕಿದರು. ಹೆರಿಗೆ ಡಾಕ್ಟರಮ್ಮ ಬಂದು ಮಂಚದ ಪಕ್ಕ ನಿಂತು ನೆಟ್ಟಗೆ ಹೇಳಿದರು: “ಇದು ಆ ಜ್ವರನೇ ಆಗಿದ್ರೆ ಅದಕ್ಕೆ ಕೊಡೋ ಗಟ್ಟಿ ಮಾತ್ರೆ ಮಗುವಿನ ಎಲುಬಿಗೆ ಇಳಿಯುತ್ತೆ. ಜೊತೆಗೆ ಹಾಕೋ ಸೂಜಿ ಮಗುವಿನ ಕಿವಿಗೆ ಹೊಡೆಯಬಹುದು. ಕೊಡದೆ ಬಿಟ್ರೆ ಮಗು ನಿಲ್ಲೋದೇ ಕಷ್ಟ. ಬೇರೆ ಜ್ವರ ಆಗಿದ್ರೆ ಸುಲಭ. ಯಾವ್ದು ಅಂತ ಗೊತ್ತಾಗದೆ ನಾನು ಕೈ ಹಾಕಲ್ಲ.”

ಹಾಗಾಗಿ ಕಾದೆವು. ಟೈಫಾಯ್ಡ್ ಆಗಲಪ್ಪ ಎಂದು ಹರಕೆ ಹೊತ್ತವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಬೇರೆಯವರ ಬಾಟಲಿಯಲ್ಲಿ ಮಂಕು ಕಾಣಲಿ ಎಂದು ಬೆಳಗ್ಗೆ ಬಂದ ಕೂಡಲೇ ಓಡಿ ಹೋಗಿ ನೋಡುತ್ತಿದ್ದವಳು, ನನ್ನ ಬಾಟಲಿ ತಿಳಿಯಾಗಿಯೇ ಇರಲಿ ಎಂದು ಬೇಡಿದೆ. ಮಧ್ಯಾಹ್ನ ಜ್ವರ ಬರುವುದಕ್ಕೆ ಮುಂಚೆ ಸ್ವಲ್ಪ ಹೊತ್ತು ಕಾಲಲ್ಲಿ ಶಕ್ತಿ ಇರುತ್ತಿತ್ತು. ಆಗ ಗೋಡೆ ಹಿಡಿದುಕೊಂಡು ಅಂಗಳ ದಾಟಿ ಹೋಗಿ ಲ್ಯಾಬಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಒಳಗೆ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸರು “ನಿಮ್ದು ಏನು ಪರೀಕ್ಷೆ?” ಎಂದು ಕೇಳುತ್ತಿದ್ದರು. ರಕ್ತ ಎನ್ನುತ್ತಿದ್ದೆ. ಒಬ್ಬ ಮುದುಕಿ ಏನೂ ಕೇಳದೆ ತನ್ನ ಮಡಿಲಿನ ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕಿದಳು. ಅವಳ ಹೆಸರು ಗೊತ್ತಿಲ್ಲ, ಆ ಕೈ ಮರೆತಿಲ್ಲ.

ವಾರ ದಾಟಿದ ಮೇಲೆ ಒಂದು ದಿನ ಶಿವಲಿಂಗಪ್ಪ ಡಾಕ್ಟರು ವಾರ್ಡಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಬಾಟಲಿ ಮಂಕಾಗಿದೆ ಎಂದು ಆಗಲೇ ತಿಳಿದುಹೋಯಿತು. ನಮ್ಮ ಕೆಲಸದವರಿಗೆ ಬೇರೆ ಹೇಳಬೇಕಿಲ್ಲ. ಈಗ ತಟ್ಟೆಗೆ ಹಾಕಿರುತ್ತಾರೆ, ಈಗ ಕಾಯುತ್ತಿರುತ್ತಾರೆ, ಈಗ ಬಣ್ಣ ಹಾಕಿರುತ್ತಾರೆ ಎಂದು ಮಲಗಿದಲ್ಲೇ ಒಂದೊಂದು ಹೆಜ್ಜೆಯನ್ನೂ ಅವರ ಜೊತೆ ನಾನೂ ಮಾಡಿದೆ. ಕೊನೆಗೆ ಬಂದರು. ಬಂದವರು ನನ್ನ ಯಜಮಾನರ ಕಡೆ ನೋಡಿದರೇ ಹೊರತು ನನ್ನ ಕಡೆ ನೋಡಲಿಲ್ಲ.

“ಯೂರಿಯಾ ಯಾವ ಬಣ್ಣ ಸಾರ್?” ಎಂದೆ.

ಅವರು ಮಂಚಕ್ಕೆ ಕಟ್ಟಿದ್ದ ಚೀಟಿ ಕೈಗೆತ್ತಿಕೊಂಡರು.

“ಗುಲಾಬಿನಾ?”

“ಹೌದಮ್ಮ.”

ಯಜಮಾನರಿಗೆ ನಮ್ಮ ಮಾತು ಅರ್ಥವಾಗಲಿಲ್ಲ. “ಅಂದ್ರೆ ಒಳ್ಳೇದೇನ್ರಿ?” ಎಂದು ಕೇಳಿದರು. ಪಾಪ, ಗುಲಾಬಿ ಎಂದರೆ ಒಳ್ಳೆಯದಿರಬೇಕು ಎಂದುಕೊಂಡಿದ್ದರು.

ಮಗುವಿಗೆ ಅಷ್ಟು ಕೆಡುಕಲ್ಲದ ಬೇರೆ ಮಾತ್ರೆ ಕೊಟ್ಟು ನೋಡೋಣ ಎಂದು ಡಾಕ್ಟರಮ್ಮ ತೀರ್ಮಾನಿಸಿದರು. ಯಜಮಾನರು ಹೊರಗೆ ಅವರ ಹತ್ತಿರ ಹೋಗಿ, “ಗಟ್ಟಿ ಮಾತ್ರೆನೇ ಕೊಡ್ರಿ, ಮೊದಲು ಇವಳು ಉಳೀಲಿ” ಎಂದದ್ದು ಕಿಟಕಿಯಿಂದ ನನಗೆ ಕೇಳಿಸಿತು. ಒಳಗೆ ಬಂದಾಗ ಅವರ ಮೇಲೆ ಹರಿಹಾಯ್ದೆ. “ನನ್ನ ಕೂಸಿನ ಲೆಕ್ಕ ಮುಗಿಸೋಕೆ ನೀವ್ಯಾರ್ರಿ?” ಎಂದು ಇಡೀ ವಾರ್ಡು ಕೇಳುವಂತೆ ಕಿರುಚಿದೆ. ಅವರು ನನ್ನ ಪಾದ ಒತ್ತುತ್ತಾ ಕೂತರು.

ಬೇರೆ ಮಾತ್ರೆ ಹತ್ತಲಿಲ್ಲವೋ, ಹತ್ತುವುದಕ್ಕೆ ಹೊತ್ತು ಸಾಲಲಿಲ್ಲವೋ. ಆರನೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ವಾರ್ಡಿನಲ್ಲಿ ಎಲ್ಲರೂ ಊಟ ಮಾಡುತ್ತಿದ್ದಾಗ ನೋವು ಬಂತು. ಅದನ್ನು ವಿವರಿಸಿ ಬರೆಯಲಾರೆ. ಹೆಣ್ಣು ಕೂಸು. ಅಳಲಿಲ್ಲ.

ಒಂದು ಮಾತು ಬರೆಯಲೇಬೇಕು. ಬಾಯಿಬಡುಕಿ ಎಂದು ನಾನು ಬೈದುಕೊಳ್ಳುತ್ತಿದ್ದ ನಮ್ಮತ್ತೆ ಅವತ್ತು ಹೊಸದುರ್ಗದಿಂದ ಸೀಮಂತಕ್ಕೆಂದು ತಂದ ಹಸಿರು ಸೀರೆಯ ಗಂಟಿನೊಂದಿಗೆ ಬಂದಿದ್ದರು. ನರ್ಸಮ್ಮ ಕೂಸನ್ನು ಹಳೇ ಬಟ್ಟೆಯಲ್ಲಿ ಸುತ್ತಲು ಹೋದಾಗ ಅತ್ತೆ ತಡೆದರು. ಆ ಹೊಸ ಸೀರೆಯ ಸೆರಗನ್ನು ಹಲ್ಲಲ್ಲಿ ಕಚ್ಚಿ ಪರ್ರನೆ ಹರಿದು ಅದರಲ್ಲಿ ಸುತ್ತಿದರು. “ನಮ್ಮನೆ ಹುಡುಗಿ ಇದು, ಹಳೇ ಬಟ್ಟೇಲಿ ಯಾಕೆ ಹೋಗ್ಬೇಕು” ಎಂದರು. ಆಮೇಲೆ ನನ್ನ ಕೆಲಸದ ಬಗ್ಗೆ ಅವರು ಯಾವತ್ತೂ ಒಂದು ಮಾತು ಎತ್ತಲಿಲ್ಲ.

ಇನ್ನು ಗಟ್ಟಿ ಮಾತ್ರೆಗೆ ಅಡ್ಡಿಯೇನೂ ಇರಲಿಲ್ಲವಲ್ಲ. ಮಾತ್ರೆ ನುಂಗಿದೆ, ಸೂಜಿ ಚುಚ್ಚಿಸಿಕೊಂಡೆ. ಕಿವಿಯಲ್ಲಿ ಜೀರುಂಡೆ ಕೂತ ಹಾಗೆ ಸದ್ದು, ಬಾಯೆಲ್ಲ ಕಹಿ. ಜ್ವರ ಇಳಿಯಿತು. ಇಳಿದ ದಿನ ಎಲ್ಲರೂ ಸಂತೋಷಪಟ್ಟರು, ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಈ ಔಷಧಿ ಮುಂಚೆಯೇ ಸಿಕ್ಕಿದ್ದರೆ ಎನ್ನುವ ಯೋಚನೆ, ಸಿಕ್ಕಿದ್ದರೂ ಕೂಸು ಹೇಗಿರುತ್ತಿತ್ತೋ ಎನ್ನುವ ಯೋಚನೆ, ಇವೆರಡರ ನಡುವೆ ಅರೆದುಹೋದೆ.

ತಾಳ್ಯಕ್ಕೆ ಅಮ್ಮ ಕರೆದುಕೊಂಡು ಹೋದಳು. ಬಾಣಂತಿಗೆ ಹಾಕುವ ನೀರನ್ನೇ ಹಾಕಿದಳು, ಬಾಣಂತಿಗೆ ಕೊಡುವ ಖಾರವನ್ನೇ ಕೊಟ್ಟಳು. ಪಕ್ಕದಲ್ಲಿ ತೊಟ್ಟಿಲು ಮಾತ್ರ ಇರಲಿಲ್ಲ. ನೋಡಲು ಬಂದವರು ತರಾವರಿ ಮಾತಾಡಿದರು. ಇನ್ನೂ ವಯಸ್ಸೈತೆ ಬಿಡೇ, ಮುಂದಿನ ವರ್ಷಕ್ಕೆ ಗಂಡೇ ಆಗ್ತೈತೆ, ಉಳಿದಿದ್ರೂ ಹೆಣ್ಣು ತಾನೆ. ಒಬ್ಬೊಬ್ಬರ ಬಾಯಿಗೂ ಒಲೆಯ ಬೂದಿ ತುಂಬಬೇಕು ಅನ್ನಿಸುತ್ತಿತ್ತು. ಅಮ್ಮ ಒಳಗೆ ಸಾರು ಕುದಿಸುವಾಗ ನಾನು ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಯಾವ ವಾಸನೆಯೂ ಬೇಡವಾಗಿತ್ತು.

ಆ ದಿನಗಳಲ್ಲಿ ಒಂದು ಬೆಳಗ್ಗೆ ಬಾಗಿಲಲ್ಲಿ “ಅಮ್ಮಾರೆ” ಎಂದು ಯಾರೋ ಕರೆದರು. ಕರಿಯಮ್ಮ. ಮೈಕೈ ತುಂಬಿಕೊಂಡು ಗುರುತೇ ಸಿಗದಂತಾಗಿದ್ದಳು. ತೋರಿಸಿಕೊಂಡು ಹೋಗಲು ದುರ್ಗಕ್ಕೆ ಬಂದವಳು ನನ್ನನ್ನು ಕೇಳಿದಳಂತೆ. ತವರಿಗೆ ಹೋಗಿದ್ದಾರೆ ಎಂದಷ್ಟೇ ಯಾರೋ ಹೇಳಿದ್ದರು. ತವರು ಎಂದರೆ ಹೆರಿಗೆಗೆ ಎಂದುಕೊಂಡು ಹೊಳಲ್ಕೆರೆ ಬಸ್ ಹತ್ತಿ, ಅಲ್ಲಿಂದ ಕೇಳಿಕೊಂಡು ಬಂದಿದ್ದಳು. ಕಂಕುಳಲ್ಲಿ ಒಂದು ಪುಟ್ಟ ಕಂಬಳಿ. ಮರಿಗಳ ಮೊದಲ ಕತ್ತರಿಯ ಉಣ್ಣೆ, ಚುಚ್ಚುವುದಿಲ್ಲ. ಅವಳೇ ನೂತು ಮಾವನ ಕೈಲಿ ನೇಯಿಸಿದ್ದು.

“ಕೂಸಿಗೆ ಅಂತ ತಂದೆ ಅಮ್ಮಾರೆ. ಎಲ್ಲೈತೆ?” ಎಂದು ಒಳಗೆ ಕಣ್ಣಾಡಿಸಿದಳು. ತೊಟ್ಟಿಲು ಕಾಣಲಿಲ್ಲ. ನನ್ನ ಮುಖ ನೋಡಿದಳು. ಕಂಬಳಿಯನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಕೊಳ್ಳಲು ಹೋದಳು.

“ಕೊಡಿ ಕರಿಯಮ್ಮ” ಎಂದು ಕೈ ಚಾಚಿದೆ. “ನನಗೂ ಅದೇ ಜ್ವರ ಬಂದಿತ್ತು.”

ಎಲ್ಲಿಂದ ಬಂತೆಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳು ನನ್ನ ಪಕ್ಕ ಕೂತಳು. ಅಮ್ಮ ತಂದಿಟ್ಟ ನೀರು ಬೆಲ್ಲ ಮುಟ್ಟಲಿಲ್ಲ.

“ಎಷ್ಟು ತಿಂಗಳಾಗಿತ್ತು?”

“ಆರು.”

ಕಂಬಳಿಯ ಅಂಚನ್ನು ಬೆರಳಲ್ಲಿ ತಿರುವಿದಳು.

“ನಂದು ನಾಕು” ಎಂದಳು. “ಕುರಿ ಹಾಕಿದ್ವಲ್ಲ, ಅದ್ರ ಹಿಂದೇನೆ. ನಿಮ್ಮ ತಾವ ಬರೋಕೆ ಒಂದು ತಿಂಗ್ಳು ಮುಂಚೆ. ಹೇಳಾಣ ಅಂದ್ಕಂಡೆ ಅಮ್ಮಾರೆ ಅವತ್ತು. ನೀವು ಬಸುರಿ ಇದ್ರಿ, ಬಾಯಿಗೆ ಬರ್ಲಿಲ್ಲ. ಡಾಕ್ಟ್ರು ಕುರಿ ವಿಸ್ಯ ಎಲ್ಲಾ ಕೇಳಿದ್ರು. ಎಷ್ಟು ಹಾಕಿದ್ವು, ಯಾವಾಗ ಹಾಕಿದ್ವು, ಎಲ್ಲಿ ಹೂಳಿದ್ರಿ. ನನ್ನ ವಿಸ್ಯ ಯಾರೂ ಕೇಳ್ಲಿಲ್ಲ.”

ಹೇಳಿದ್ದರೆ ನನ್ನ ಕೂಸು ಉಳಿಯುತ್ತಿತ್ತು ಎಂದಲ್ಲ. ಹೇಳಿದ್ದರೂ ನಾನು ಆ ತಟ್ಟೆ ಮೂಸುತ್ತಿದ್ದೆ. ಆದರೆ ಅವಳ ಕೈಗೆ ಸೂಜಿ ಚುಚ್ಚಿದವಳು ನಾನು, ಅಷ್ಟು ಹತ್ತಿರ ನಿಂತಿದ್ದವಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಅಲ್ಲಿಯ ತನಕ ಯಾರ ಎದುರಿಗೂ ನಾನು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ಅಮ್ಮ ಬಾಗಿಲು ಮುಂದೆ ಎಳೆದುಕೊಂಡು ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು.

ಆಮೇಲೆ ನನಗೆ ಇಬ್ಬರು ಮಕ್ಕಳಾದರು. ಆ ಕಂಬಳಿಯನ್ನು ಇಬ್ಬರಿಗೂ ಹೊದಿಸಲಿಲ್ಲ, ಅದು ನನ್ನ ಮೊದಲ ಮಗಳದು. ಸೊಂಟ ಈಗಲೂ ಮೋಡ ಕವಿದ ದಿನ ಹಿಡಿದುಕೊಳ್ಳುತ್ತದೆ, ಕಿವಿಯ ಜೀರುಂಡೆ ಪೂರ್ತಿ ಹೋಗಿಲ್ಲ. ಲ್ಯಾಬಿಗೆ ಮರಳಿದೆ. ನಮ್ಮಲ್ಲಿ ಮೂಸುವುದು ನಿಂತಿತು, ಹೊಸದಾಗಿ ಬಂದವರಿಗೆ ನಾನೇ ಬೈದು ಬೈದು ಕಲಿಸಿದೆ. ಡಾಕ್ಟರು ಹೇಳಿದ ಬಾಟಲಿಗಳನ್ನು ತಿಂಗಳುಗಟ್ಟಲೆ ಕಾದೆ. ಬಣ್ಣ ಹಾಕಿದೆ, ನಳಿಕೆ ನೋಡಿದೆ. ಗುಲಾಬಿಗೆ ತಿರುಗಿದಾಗೆಲ್ಲ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಇನ್ನೊಂದು ರೂಢಿ ನಾನಾಗಿ ಮಾಡಿಕೊಂಡೆ. ಹಟ್ಟಿಯ ಕಡೆಯ ಹೆಂಗಸರು ಬಿಡದ ಜ್ವರ ಎಂದು ಬಂದರೆ ಒಳಗಿನಿಂದ ಹೆಸರು ಕೂಗುತ್ತಿರಲಿಲ್ಲ. ಎದ್ದು ಹೊರಗೆ ಹೋಗಿ ಆ ಬೆಂಚಿನ ಮೇಲೆ ಅವರ ಪಕ್ಕ ಕೂರುತ್ತಿದ್ದೆ. “ಹೊಟ್ಟೇಲಿದ್ದದ್ದು ಯಾವ್ದಾದ್ರೂ ಹೋಯ್ತೇನವ್ವ?” ಎಂದು ಕೇಳುತ್ತಿದ್ದೆ. ಕೆಲವರು ಇಲ್ಲ ಎನ್ನುತ್ತಿದ್ದರು. ಕೆಲವರು ನನ್ನ ಮುಖವನ್ನೇ ನೋಡುತ್ತಾ ಕೂತು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅವರ ಅಳು ಮುಗಿಯುವ ತನಕ ಕೂತಿದ್ದು, ಕುರಿಯ ವಿಷಯ ಆಮೇಲೆ ಕೇಳುತ್ತಿದ್ದೆ.